ಆಡದೆ ಜೊತೆಗೆ ಕೂತವರಿಗೂ ಶುಲ್ಕವೇ?



ಬೆಳೆಗಾರರ ಪತ್ರಿಕೆಯಲ್ಲಿ ಗಾಲ್ಫ್ ಆಟದ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಕಾಯಿಕೊರಕ, ಕೊಳೆರೋಗ, ಪೇಟೆ ಧಾರಣೆ, ಇಷ್ಟರಲ್ಲೇ ನಮ್ಮ ಪುಟಗಳು ತುಂಬಿಹೋಗುವುದು ರೂಢಿ. ಆದರೆ ಕಾಫಿ ಸೀಮೆಗೂ ಗಾಲ್ಫ್ ಮೈದಾನಕ್ಕೂ ಇರುವ ನಂಟು ಹೊಸದೇನಲ್ಲ. ಮಡಿಕೇರಿ, ಬಿಟ್ಟಂಗಾಲ, ಪಾಲಿಬೆಟ್ಟ, ಚಿಕ್ಕಮಗಳೂರುಗಳಲ್ಲಿ ಮೈದಾನಗಳಿವೆ. ನಮ್ಮ ಸದಸ್ಯರಲ್ಲಿ ಕೆಲವರು ಆಡುವವರು, ಇನ್ನು ಕೆಲವರು ಆಡುವವರ ಜೊತೆ ಹೋಗಿ ಕೂರುವವರು. ಈ ಎರಡನೆಯ ಗುಂಪಿನವರನ್ನು ಕುರಿತೇ ಈ ಲೇಖನ.

ಮಗನನ್ನು ನೋಡಲು ಅಮೆರಿಕಕ್ಕೆ ಹೋಗಿಬಂದ ನಮ್ಮ ಹಿರಿಯ ಸದಸ್ಯರೊಬ್ಬರು ಸಂಘದ ಕಚೇರಿಯಲ್ಲಿ ಕೂತು ಈ ಪ್ರಶ್ನೆ ಎತ್ತಿದರು. ಮಗ ಆಡುವಾಗ ಅವರು ಗಾಡಿಯಲ್ಲಿ ಪಕ್ಕದಲ್ಲಿ ಕೂತಿದ್ದರಂತೆ. "ಕೋಲು ಮುಟ್ಟಲಿಲ್ಲ, ಚೆಂಡು ಹೊಡೆಯಲಿಲ್ಲ. ಬರೀ ಕೂತದ್ದಕ್ಕೆ ದುಡ್ಡು ತೆಗೆದುಕೊಂಡರಲ್ಲ ಮಾರಾಯ್ರೆ, ಇದು ಯಾವ ನ್ಯಾಯ?" ಎಂದರು. ಅಲ್ಲಿದ್ದವರಲ್ಲಿ ಅರ್ಧ ಜನ ಅವರ ಪಕ್ಷ, ಅರ್ಧ ಜನ ಮೈದಾನದವರ ಪಕ್ಷ. ಚಹಾ ಆರಿಹೋದರೂ ಮಾತು ಮುಗಿಯಲಿಲ್ಲ. ಆಸನ, ಶುಲ್ಕ, ನ್ಯಾಯ ಎಂಬ ಮೂರು ಮಾತೂ ಸಹಕಾರ ಸಂಘದಲ್ಲಿ ದಿನನಿತ್ಯ ಕಿವಿಗೆ ಬೀಳುವಂಥವು. ಆದ್ದರಿಂದ ವಿಷಯವನ್ನು ಕೂಲಂಕಷವಾಗಿ ನೋಡುವುದು ಉಚಿತವೆಂದು ನಮಗೆ ತೋರಿತು.

ಗಾಡಿಯ ಸ್ವರೂಪ

ಗಾಲ್ಫ್ ಹುಟ್ಟಿ ಬೆಳೆದದ್ದು ನಡೆದಾಡುವ ಆಟವಾಗಿ. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಆರಂಭವಾದಾಗ ಮೋಟಾರು ಗಾಡಿಯ ಕಲ್ಪನೆಯೇ ಇರಲಿಲ್ಲ. ಆಡುವವರು ಮುಂದೆ, ಚೀಲ ಹೊತ್ತ ಕ್ಯಾಡಿ ಹಿಂದೆ. ಅಮೆರಿಕದಲ್ಲಿ 1950ರ ದಶಕದಿಂದೀಚೆಗೆ ಚಿಕ್ಕ ಗಾಡಿಗಳು ಬಳಕೆಗೆ ಬಂದವು. ಜಾರ್ಜಿಯಾ ರಾಜ್ಯದ ಅಗಸ್ಟಾ ಪಟ್ಟಣದಲ್ಲಿ ಇ-ಜೀ-ಗೋ ಎಂಬ ತಯಾರಿಕಾ ಸಂಸ್ಥೆ ಆರಂಭವಾದದ್ದು 1954ರಲ್ಲಿ. ಇಂದು ಆ ದೇಶದ ಬಹುತೇಕ ಮೈದಾನಗಳಲ್ಲಿ ಗಾಡಿ ಬಾಡಿಗೆ ಒಂದು ಮುಖ್ಯ ಆದಾಯ. ಹುಲ್ಲಿನ ಮೇಲೆ ಆಡಲು ಕೊಡುವ ಗ್ರೀನ್ ಫೀ ಬೇರೆ, ಗಾಡಿಗೆ ಕೊಡುವ ಬಾಡಿಗೆ ಬೇರೆ. ಈ ಭೇದವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದಿನ ವಿಚಾರವೆಲ್ಲ ಇದರ ಮೇಲೆ ನಿಂತಿದೆ.

ಸಾಮಾನ್ಯ ಗಾಡಿಯಲ್ಲಿ ಆಸನ ಎರಡು, ಹಿಂದೆ ಎರಡು ಚೀಲಗಳಿಗೆ ಜಾಗ. ಬ್ಯಾಟರಿ ಸಹಿತ ಅದರ ತೂಕ ಸುಮಾರು ನಾಲ್ಕೈದು ನೂರು ಕಿಲೋ. ನಾಲ್ವರ ತಂಡಕ್ಕೆ ಎರಡು ಗಾಡಿ. 18 ಕುಳಿಗಳ ಒಂದು ಸುತ್ತು ಮುಗಿಯಲು ಹೆಚ್ಚುಕಡಿಮೆ 4 ಗಂಟೆ ಬೇಕು.

ಆಡದೆ ಕೂತು ಬರುವವರ ವಿಷಯದಲ್ಲಿ ಅಲ್ಲಿನ ಮೈದಾನಗಳಲ್ಲಿ ಏಕರೂಪದ ನಿಯಮವಿಲ್ಲ. ಕೆಲವೆಡೆ ಉಚಿತ, ಕೆಲವೆಡೆ ಜೊತೆಗಾರರ ಶುಲ್ಕವೆಂದು ಪ್ರತ್ಯೇಕ ದರ, ಇನ್ನು ಕೆಲವೆಡೆ ಪ್ರವೇಶವೇ ಇಲ್ಲ. ನ್ಯೂಯಾರ್ಕ್ ರಾಜ್ಯದ ಸರ್ಕಾರಿ ಮೈದಾನವಾದ ಬೆತ್‌ಪೇಜ್ ಬ್ಲ್ಯಾಕ್‌ನಲ್ಲಂತೂ ಎಲ್ಲರೂ ನಡೆದೇ ಆಡಬೇಕು. ಅಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ.

ಶುಲ್ಕ ಬೇಕೆನ್ನುವವರ ಮಾತು

ಮೈದಾನದ ಆಡಳಿತದವರು ಮುಖ್ಯವಾಗಿ ಮೂರು ಕಾರಣ ಕೊಡುತ್ತಾರೆ. ಒಂದು, ಗಾಡಿಯ ಸವೆತ ಮತ್ತು ಹುಲ್ಲಿಗಾಗುವ ಹಾನಿ. ಎರಡು, ಅಪಘಾತದ ಹೊಣೆ. ಮೂರು, ಜೊತೆಗಾರರು ಕೂತ ಆಸನದಲ್ಲಿ ಬಾಡಿಗೆ ಕೊಡುವ ಇನ್ನೊಬ್ಬ ಆಟಗಾರ ಕೂರಬಹುದಿತ್ತು ಎಂಬುದು.

ಮೊದಲನೆಯ ಕಾರಣ ಅಷ್ಟೊಂದು ಗಟ್ಟಿಯಲ್ಲ. ಗಾಡಿ, ಒಬ್ಬ ಆಟಗಾರ, ಅವನ ಚೀಲ ಎಲ್ಲ ಸೇರಿ ಐದೂವರೆ ನೂರು ಕಿಲೋ ಎನ್ನೋಣ. ಅದರ ಮೇಲೆ 65 ಕಿಲೋ ತೂಕದ ಒಬ್ಬರು ಕೂತರೆ ಹೆಚ್ಚುವ ಭಾರ ಎಂಟರಲ್ಲಿ ಒಂದು ಪಾಲಿನಷ್ಟು. ಆ ಗಾಡಿ ಇಬ್ಬರಿಗೆಂದೇ ತಯಾರಾದದ್ದು. ಹುಲ್ಲಿಗೆ ನಿಜವಾದ ಪೆಟ್ಟು ಬೀಳುವುದು ಒದ್ದೆ ನೆಲದ ಮೇಲೆ ಚಕ್ರ ಉರುಳಿದಾಗ. ಮಳೆ ಬಿದ್ದ ಮಾರನೆಯ ದಿನ ತೋಟದೊಳಗೆ ಟ್ರ್ಯಾಕ್ಟರ್ ನುಗ್ಗಿಸಿದರೆ ಮಣ್ಣು ಗಟ್ಟಿಯಾಗಿ ಬೇರು ಉಸಿರುಕಟ್ಟುವುದನ್ನು ನಾವೆಲ್ಲ ಬಲ್ಲೆವು. ಇದಕ್ಕೆ ಮದ್ದು ಶುಲ್ಕವಲ್ಲ, ಶಿಸ್ತು. ಮಳೆಯ ದಿನ ಗಾಡಿ ದಾರಿ ಬಿಟ್ಟು ಇಳಿಯಬಾರದು, ಒಣ ದಿನವೂ ಫೇರ್‌ವೇಯನ್ನು ನೇರ ಅಡ್ಡಲಾಗಿ ಮಾತ್ರ ದಾಟಬೇಕು ಎಂಬ ನಿಯಮಗಳು ಅನೇಕ ಮೈದಾನಗಳಲ್ಲಿವೆ.

ಎರಡನೆಯ ಕಾರಣದಲ್ಲಿ ಹುರುಳಿದೆ. ಈ ಗಾಡಿಗಳಿಗೆ ಬಾಗಿಲಿಲ್ಲ, ಬಹಳಷ್ಟಕ್ಕೆ ಬೆಲ್ಟೂ ಇಲ್ಲ. ಬ್ರೇಕು ಹೆಚ್ಚಿನವಕ್ಕೆ ಹಿಂದಿನ ಚಕ್ರಗಳಿಗೆ ಮಾತ್ರ. ಇಳಿಜಾರಿನ ತಿರುವಿನಲ್ಲಿ ಸ್ಟಿಯರಿಂಗ್ ಹಿಡಿದವನು ಭದ್ರ, ಪಕ್ಕದಲ್ಲಿ ಕೂತವರು ಹೊರಕ್ಕೆ ಜಾರುವ ಸಂಭವವೇ ಹೆಚ್ಚು. ಚಿಕ್ಕ ಮಕ್ಕಳಿಗಂತೂ ಅಪಾಯ ಇನ್ನೂ ಜಾಸ್ತಿ. ಹಾರಿ ಬರುವ ಚೆಂಡಿನ ಭಯ ಬೇರೆ. ಮೂರನೆಯ ಕಾರಣವೇ ಎಲ್ಲಕ್ಕಿಂತ ಮುಖ್ಯವಾದುದರಿಂದ ಅದನ್ನು ಮುಂದೆ ಲೆಕ್ಕ ಹಾಕಿಯೇ ನೋಡೋಣ.

ಶುಲ್ಕ ಬೇಡವೆನ್ನುವವರ ಮಾತು

ಜೊತೆಗೆ ಬರುವವರು ಯಾರು? ಹೆಂಡತಿ ಆಡುವಾಗ ಗಂಡ, ಗಂಡ ಆಡುವಾಗ ಹೆಂಡತಿ, ಮಂಡಿನೋವಿನ ತಂದೆ, ರಜೆಗೆ ಬಂದ ಮೊಮ್ಮಗಳು. ಇವರು ಕುಳಿಗೆ ಚೆಂಡು ಹಾಕುವುದಿಲ್ಲ, ಗ್ರೀನ್ ತುಳಿಯುವುದಿಲ್ಲ. ಮರಳು ಕೆದಕುವ ಮಾತೂ ಇಲ್ಲ. ಆಟ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ತಿಂಡಿ ತಿನ್ನುತ್ತಾರೆ. ಇಂದು ಪಕ್ಕದಲ್ಲಿ ಕೂತ ಮಗು ನಾಳೆ ಸದಸ್ಯನಾಗುತ್ತದೆ. ನೋಡುವ ಕಣ್ಣಿಗೆ ಸುಂಕ ಹಾಕಿದರೆ ಮನೆಯವರು ಮನೆಯಲ್ಲೇ ಉಳಿಯುತ್ತಾರೆ, ಕೆಲವು ದಿನಗಳಲ್ಲಿ ಆಟಗಾರನೂ ಮನೆಯಲ್ಲೇ ಉಳಿಯುತ್ತಾನೆ. ಈ ವಾದವನ್ನು ಬರೀ ಭಾವುಕತೆ ಎಂದು ತಳ್ಳಿಹಾಕುವಂತಿಲ್ಲ. ಯಾವ ಸಂಸ್ಥೆಯಾದರೂ ಉಳಿಯುವುದು ಮುಂದಿನ ತಲೆಮಾರು ಅದರ ಬಾಗಿಲೊಳಗೆ ಕಾಲಿಟ್ಟರೆ ಮಾತ್ರ. ನಮ್ಮ ಸಂಘದ ಮಹಾಸಭೆಯಲ್ಲಿ ನರೆತ ತಲೆಗಳೇ ಕಾಣುತ್ತಿರುವಾಗ ಇದನ್ನು ನಮಗೆ ಬೇರೆ ಯಾರೂ ಹೇಳಬೇಕಿಲ್ಲ.

ಎರಡನೆಯ ಆಸನದ ಲೆಕ್ಕ

ಹೊಳೆಗೆ ಸುರಿದರೂ ಅಳೆದು ಸುರಿ ಎಂದು ಹಿರಿಯರು ಹೇಳಿದ್ದಾರೆ. ಅಳೆದೇ ನೋಡೋಣ.

ಒಂದು ಮೈದಾನದಲ್ಲಿ 50 ಗಾಡಿಗಳಿವೆ ಎಂದಿಟ್ಟುಕೊಳ್ಳಿ. ಭಾನುವಾರ ಬೆಳಿಗ್ಗೆ 10 ನಿಮಿಷಕ್ಕೊಂದು ತಂಡದಂತೆ 4 ಗಂಟೆಯಲ್ಲಿ 24 ತಂಡಗಳು ಹೊರಡುತ್ತವೆ. ತಂಡಕ್ಕೆ ನಾಲ್ವರಂತೆ 96 ಆಟಗಾರರು, ಗಾಡಿಗೆ ಇಬ್ಬರಂತೆ 48 ಗಾಡಿ. ಮೊದಲು ಹೋದ ಗಾಡಿ ತಿರುಗಿ ಬರುವುದು 4 ಗಂಟೆಯ ನಂತರ. ಆದ್ದರಿಂದ ಅಷ್ಟು ಹೊತ್ತು ಶೆಡ್ಡಿನಲ್ಲಿ ಉಳಿಯುವುದು ಎರಡೇ ಗಾಡಿ.

ಈಗ 8 ಜನ ಆಟಗಾರರು ತಲಾ ಒಬ್ಬರನ್ನು ಜೊತೆಗೆ ಕರೆತಂದರು. ಈ ಎಂಟು ಆಟಗಾರರಿಗೆ ಮೊದಲು ನಾಲ್ಕು ಗಾಡಿ ಸಾಕಿತ್ತು, ಈಗ ಎಂಟು ಬೇಕು. ಒಟ್ಟು 52 ಗಾಡಿ ಬೇಕು, ಇರುವುದು 50. ಕೊನೆಯ ತಂಡದ ನಾಲ್ವರಿಗೆ ಗಾಡಿಯಿಲ್ಲ. ಮೈದಾನಕ್ಕೆ ನಾಲ್ಕು ಆಸನದ ಬಾಡಿಗೆ ನಷ್ಟ. ಆ ನಷ್ಟವನ್ನು ಎಂಟು ಜನ ಜೊತೆಗಾರರಿಗೆ ಹಂಚಿದರೆ ತಲಾ ಅರ್ಧ ಆಸನದ ಬಾಡಿಗೆ. ಒಂದು ಗಾಡಿಯೂ ಉಳಿಯದಷ್ಟು ಜನ ಬಂದ ದಿನವಾದರೆ ತಲಾ ಒಂದು ಆಸನದ ಬಾಡಿಗೆ ಪೂರ್ತಿ. ಲೆಕ್ಕ ಅದಕ್ಕಿಂತ ಮೇಲೆ ಹೋಗುವುದಿಲ್ಲ.

ಅದೇ ಮೈದಾನಕ್ಕೆ ಬುಧವಾರ ಮಧ್ಯಾಹ್ನ ಹೋಗಿ ನೋಡಿ. ಹೊರಗೆ 15 ಗಾಡಿ, ಶೆಡ್ಡಿನಲ್ಲಿ 35. ಆ ದಿನ ಜೊತೆಗಾರರು ಕೂತ ಆಸನ ಹೇಗೂ ಖಾಲಿ ಹೋಗುತ್ತಿತ್ತು. ಬ್ಯಾಟರಿಯ ವಿದ್ಯುತ್ತು ಒಂದಿಷ್ಟು ಹೆಚ್ಚು ಖರ್ಚಾದೀತು, ಅಷ್ಟೇ. ನಷ್ಟವೆಂಬುದು ಹೆಸರಿಗೂ ಇಲ್ಲ.

ಹೀಗಾಗಿ ಶುಲ್ಕ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಒಂದೇ ಉತ್ತರ ಹುಡುಕುವುದೇ ಸರಿಯಲ್ಲ. ಭಾನುವಾರ ಬೆಳಿಗ್ಗೆ ಶುಲ್ಕ ಬಿಟ್ಟರೆ ಒಬ್ಬರ ಸಂತೋಷದ ಖರ್ಚನ್ನು ಮಿಕ್ಕ ಆಟಗಾರರ ಕಿಸೆಯಿಂದ ತೆಗೆದಂತೆ. ಬುಧವಾರ ಶುಲ್ಕ ಹಾಕಿದರೆ ಕೊಡದ ಸೇವೆಗೆ ಹಣ ಕಿತ್ತಂತೆ.

ಬೆಳೆಗಾರರಿಗೆ ಈ ಲೆಕ್ಕ ಹೊಸದಲ್ಲ. ಕುಯ್ಲಿನ ಕಾಲದಲ್ಲಿ ಲಾರಿಯೊಂದು ಕಾಫಿ ಮೂಟೆ ತುಂಬಿಕೊಂಡು ಕ್ಯೂರಿಂಗ್ ವರ್ಕ್ಸಿಗೆ ಹೋಗುವಾಗ ಒಂದು ಮೂಟೆಯ ಜಾಗಕ್ಕೂ ಬೆಲೆಯಿದೆ. ಅದೇ ಲಾರಿ ಖಾಲಿ ತಿರುಗುವಾಗ ಸದಸ್ಯನೊಬ್ಬ ನಾಲ್ಕು ಚೀಲ ಗೊಬ್ಬರ ಹಾಕಿಕೊಂಡರೆ ಪೂರ್ತಿ ಬಾಡಿಗೆ ಕೇಳುವುದು ಸಹಕಾರ ಧರ್ಮವಲ್ಲ. ಸಂಘದ ಕಣದಲ್ಲಿ ಅಡಿಕೆ ಒಣಗಿಸುವ ಸರದಿಗೂ ಇದೇ ನ್ಯಾಯ. ಜಾಗ ಬಿಗಿಯಾದ ದಿನ ಪಾಲು ಕಟ್ಟು, ಜಾಗ ಬಿದ್ದಿರುವ ದಿನ ಬಳಸಿಕೋ.

ನಡೆದು ಬರುವವರ ಮಾತು

ಗಾಡಿಯಲ್ಲಿ ಕೂರದೆ ಪಕ್ಕದಲ್ಲಿ ನಡೆದು ಬರುವವರಿಗೂ ಶುಲ್ಕ ವಿಧಿಸುವ ಮೈದಾನಗಳಿವೆ. ಇದನ್ನು ನಾವು ಒಪ್ಪಲಾರೆವು. ಗಾಲ್ಫಿನ ತವರಾದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಕಡೆ ಒಮ್ಮೆ ನೋಡೋಣ. ಅಲ್ಲಿನ ಕಡಲತೀರದ ಹುಲ್ಲುಗಾವಲಿನಲ್ಲಿ ಊರವರಿಗೆ ಆಡುವ ಹಕ್ಕಿದೆಯೆಂದು 1552ರ ಸನ್ನದಿನಲ್ಲೇ ಬರೆದಿದೆ. 1974ರಲ್ಲಿ ಬ್ರಿಟಿಷ್ ಸಂಸತ್ತಿನ ಕಾಯಿದೆಯ ಮೂಲಕ ಅದರ ಆಡಳಿತ ಒಂದು ಟ್ರಸ್ಟಿಗೆ ಬಂತು. ಜಗತ್ಪ್ರಸಿದ್ಧವಾದ ಅಲ್ಲಿನ ಓಲ್ಡ್ ಕೋರ್ಸ್‌ನಲ್ಲಿ ದೊಡ್ಡ ಪಂದ್ಯಗಳ ಸಂದರ್ಭ ಬಿಟ್ಟರೆ ಭಾನುವಾರ ಆಟವೇ ಇಲ್ಲ. ಅಂದು ಊರವರೂ ಪರಊರವರೂ ಮಕ್ಕಳು ಮರಿ, ನಾಯಿಗಳೊಡನೆ ಅದರ ಮೇಲೆ ಓಡಾಡುತ್ತಾರೆ. ಅದಕ್ಕೆ ಚೀಟಿ ಹರಿಯುವವರಿಲ್ಲ. ಹುಲ್ಲು ಇನ್ನೂ ಚೆನ್ನಾಗಿಯೇ ಇದೆ! ಆಟದ ಮೂಲಸ್ಥಾನದಲ್ಲೇ ನಡಿಗೆಗೆ ಸುಂಕವಿಲ್ಲವೆಂದಮೇಲೆ ಉಳಿದವರು ಹಾಕಲು ಕಾರಣ ಕಾಣೆವು.

ಅಶಕ್ತರ ವಿಷಯ

ನಡೆಯಲಾರದವರಿಗೆ ಗಾಡಿ ವಿಲಾಸವಲ್ಲ, ಕಾಲು. ಕೇಸಿ ಮಾರ್ಟಿನ್ ಎಂಬ ಅಮೆರಿಕದ ವೃತ್ತಿಪರ ಆಟಗಾರರಿಗೆ ಬಲಗಾಲಿನಲ್ಲಿ ರಕ್ತಸಂಚಾರದ ದೋಷವಿತ್ತು. ಪಂದ್ಯದಲ್ಲಿ ಗಾಡಿ ಬಳಸಲು ಅನುಮತಿ ಬೇಕೆಂದು ಅವರು ಪಿ.ಜಿ.ಎ. ಟೂರ್ ಸಂಸ್ಥೆಯ ವಿರುದ್ಧ ಹೂಡಿದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2001ರಲ್ಲಿ ಏಳು ನ್ಯಾಯಾಧೀಶರ ಬಹುಮತದಿಂದ ಅವರ ಪರವಾಯಿತು. ಇಬ್ಬರು ಭಿನ್ನಮತ ತಾಳಿದರು. 1990ರ ಅಂಗವಿಕಲರ ಕಾಯಿದೆಯೇ ಆ ತೀರ್ಪಿಗೆ ಆಧಾರ. ತೀರ್ಪು ಆಡುವವರನ್ನು ಕುರಿತದ್ದು ನಿಜ. ಆದರೆ ಅದರ ಹಿಂದಿನ ನ್ಯಾಯವನ್ನು ನಾವು ಜೊತೆಗಾರರಿಗೂ ಅನ್ವಯಿಸಿ ನೋಡಬಹುದು. ಅಶಕ್ತ ಆಟಗಾರನಿಗೆ ಕೈಹಿಡಿದು ನೆರವಾಗಲು ಬಂದವರಿಂದ ಯಾವ ದಿನವೂ ಶುಲ್ಕ ಪಡೆಯಕೂಡದು.

ಹಣ ಪಡೆದರೆ ಹೊಣೆಯೂ ಇದೆ

ಶುಲ್ಕ ಪಡೆಯುವ ಮೈದಾನ ಒಂದು ಮಾತನ್ನು ಮರೆಯಬಾರದು. ರಸೀದಿ ಕೊಟ್ಟ ಕ್ಷಣದಿಂದ ಜೊತೆಗಾರರು ಅತಿಥಿಯಲ್ಲ, ಗಿರಾಕಿ. ಅವರು ವಿಮೆಯ ವ್ಯಾಪ್ತಿಯೊಳಗೆ ಬರಬೇಕು, ಬ್ರೇಕು ಸರಿಯಿರುವ ಗಾಡಿ ಸಿಗಬೇಕು, ಎಲ್ಲಿ ನಿಂತರೆ ಚೆಂಡು ತಾಗದೆಂದು ಹೇಳುವವರಿರಬೇಕು. ಅಪಘಾತದ ಹೊಣೆಯನ್ನು ಕಾರಣವಾಗಿ ತೋರಿಸಿ ಹಣ ಪಡೆದು, ಅಪಘಾತವಾದಾಗ "ನೀವು ಆಟಗಾರರಲ್ಲ" ಎಂದು ಕೈತೊಳೆದುಕೊಳ್ಳುವುದು ವ್ಯಾಪಾರವೂ ಅಲ್ಲ, ಧರ್ಮವೂ ಅಲ್ಲ.

ನಮ್ಮ ಸಲಹೆ

ನಮ್ಮ ನಾಡಿನ ಮೈದಾನಗಳಲ್ಲಿ ಕ್ಯಾಡಿಯೊಡನೆ ನಡೆದು ಆಡುವ ಪದ್ಧತಿ ಇನ್ನೂ ಉಳಿದಿದೆ. ಒಂದು ಗಾಡಿ ಬಂದರೆ ಇಬ್ಬರು ಕ್ಯಾಡಿಗಳ ದಿನದ ದುಡಿಮೆಗೆ ಕುತ್ತು ಬರಬಹುದೆಂಬುದನ್ನೂ ಸಮಿತಿಗಳು ಲೆಕ್ಕಕ್ಕೆ ಹಿಡಿಯಬೇಕು. ಗಾಡಿಯಿಂದ ಬರುವ ಹಣದಲ್ಲಿ ಅವರಿಗೊಂದು ಪಾಲು ಮೀಸಲಿಡುವುದು ನ್ಯಾಯ. ಅದನ್ನು ಬಿಟ್ಟು ಜೊತೆಗಾರರ ಮಟ್ಟಿಗೆ ನಾವು ಸೂಚಿಸುವುದು ಇಷ್ಟು:

1. ವಾರಾಂತ್ಯ ಮತ್ತು ರಜಾದಿನಗಳಲ್ಲಿ ಮಧ್ಯಾಹ್ನ 12 ಗಂಟೆಯವರೆಗೆ ಮಾತ್ರ ಜೊತೆಗಾರರಿಂದ ಆಸನ ಶುಲ್ಕ ಪಡೆಯುವುದು. ಮಿಕ್ಕ ವೇಳೆಯಲ್ಲಿ ಉಚಿತ.

2. ಆ ಶುಲ್ಕ ಒಂದು ಆಸನದ ಬಾಡಿಗೆಯನ್ನು ಮೀರಬಾರದು. ಆಡದವರಿಂದ ಗ್ರೀನ್ ಫೀ ಯಾವ ಹೆಸರಿನಲ್ಲೂ ಬೇಡ.

3. ನಡೆದು ಬರುವವರಿಗೂ, ಅಶಕ್ತರ ಸಹಾಯಕರಿಗೂ ಶುಲ್ಕವಿಲ್ಲ.

4. ಗಾಡಿಗೆ ಇಬ್ಬರೇ. ತೊಡೆಯ ಮೇಲೆ ಮಗು, ಹಿಂದೆ ನೇತಾಡುವ ನೆಂಟ, ಎರಡೂ ಕೂಡದು. ಇದಕ್ಕೆ ರಿಯಾಯಿತಿ ಇಲ್ಲ.

5. ದರವನ್ನು ಬೋರ್ಡಿನಲ್ಲಿ ಬರೆದು ಬಾಗಿಲಲ್ಲೇ ತೂಗುಹಾಕುವುದು.

ಐದನೆಯದು ಚಿಕ್ಕದಾಗಿ ಕಂಡರೂ ಅದೇ ಮುಖ್ಯವೆಂದು ಇಷ್ಟು ವರ್ಷದ ಸಂಘದ ಕೆಲಸದಲ್ಲಿ ನಾವು ಕಂಡುಕೊಂಡಿದ್ದೇವೆ. ಸದಸ್ಯರಿಗೆ ಬೇಸರವಾಗುವುದು ಕೊಡಬೇಕಾದ ಹಣಕ್ಕಲ್ಲ, ಕೌಂಟರಿನ ಮುಂದೆ ನಿಂತ ಮೇಲೆ ತಿಳಿಯುವ ಹಣಕ್ಕೆ. ಏಕೆ ಕೊಡಬೇಕೆಂದು ಮೊದಲೇ ತಿಳಿದರೆ ಕಿಸೆ ತಾನಾಗಿ ತೆರೆಯುತ್ತದೆ.

ಈ ಬಗ್ಗೆ ಸದಸ್ಯರು, ಮುಖ್ಯವಾಗಿ ಆಡದೆ ಜೊತೆಗೆ ಹೋಗುವ ಮನೆಯವರು, ತಮ್ಮ ಅಭಿಪ್ರಾಯವನ್ನು ಸಂಘದ ಕಚೇರಿಗೆ ಬರೆದು ತಿಳಿಸಬೇಕಾಗಿ ಕೋರುತ್ತೇವೆ. ಈವರೆಗೆ ಈ ವಿಷಯದಲ್ಲಿ ಮಾತಾಡಿದವರೆಲ್ಲ ಬಹುಮಟ್ಟಿಗೆ ಆಡುವವರೇ. ಕೂತವರ ಮಾತನ್ನೂ ಕೇಳೋಣ.

ಕಾರ್ಯದರ್ಶಿ