ಅಪ್ಪ-ಅಮ್ಮನಿಗಾಗಿ ನಾಲ್ಕು ಭಾನುವಾರ: ಅಪಾರ್ಟ್‌ಮೆಂಟಿನವರೆಲ್ಲ ಕಲಿಯಬೇಕಾದ ಪಾಠ

ಇವತ್ತಿನ ಮಾತು ನಮ್ಮ ಜೊತೆ ಬಂದು ಇರುವ ಅಪ್ಪ-ಅಮ್ಮಂದಿರ ಬಗ್ಗೆ. ಆದರೆ ಇದನ್ನ ಅವರಿಗಿಂತ ಹೆಚ್ಚಾಗಿ ಕೇಳಿಸಿಕೊಳ್ಳಬೇಕಾದವರು ನಾವು, ನಮ್ಮ ಎದುರು ಮನೆಯವರು, ನಮ್ಮ ಗೇಟಿನ ಸೆಕ್ಯುರಿಟಿಯವರು.

ಪುಣೆಯ ವಾಕಡ್, ಹೈದರಾಬಾದಿನ ಕೊಂಡಾಪುರ, ಚೆನ್ನೈನ ಶೋಲಿಂಗನಲ್ಲೂರು, ಮುಂಬೈ ಪಕ್ಕದ ಠಾಣೆ, ಯಾವ ಕಡೆ ಹೋದರೂ ಸಂಜೆ ಐದರ ಹೊತ್ತಿಗೆ ಸೊಸೈಟಿಯ ಬೆಂಚಿನ ಮೇಲೆ ಒಬ್ಬಿಬ್ಬರು ಕನ್ನಡದ ಹಿರಿಯರು ಸಿಗ್ತಾರೆ. ಗದಗದಿಂದಲೋ ಶಿವಮೊಗ್ಗದಿಂದಲೋ ಬಂದಿರ್ತಾರೆ. ಊರಲ್ಲಿ ಅವರಿಗೆ ಎಲ್ಲ ಗೊತ್ತಿತ್ತು. ಯಾವ ಮೆಡಿಕಲ್ ಶಾಪಿನವನು ರಾತ್ರಿ ಹತ್ತರ ಮೇಲೂ ಬಾಗಿಲು ತೆಗೀತಾನೆ, ಬ್ಯಾಂಕಿನಲ್ಲಿ ಯಾರನ್ನ ಕೇಳಿದ್ರೆ ಕೆಲಸ ಆಗುತ್ತೆ, ಎದೆನೋವು ಬಂದ್ರೆ ಯಾರ ಆಟೋ ಕರೀಬೇಕು. ನಲವತ್ತು-ಐವತ್ತು ವರ್ಷ ಸೇರಿಸಿಟ್ಟ ತಿಳುವಳಿಕೆ ಅದು. ಬಸ್ಸು ಹತ್ತಿದ ದಿನ ಅಲ್ಲೇ ಉಳೀತು. ಇಲ್ಲಿ ಅಂಥ ಪ್ರಶ್ನೆಗಳಿಗೆಲ್ಲ ಉತ್ತರ ಒಂದೇ ಕಡೆ ಇದೆ, ನಿಮ್ಮ ಫೋನಿನಲ್ಲಿ. ನೀವು ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರ ತನಕ ಮನೇಲಿ ಇರಲ್ಲ.

ನಮ್ಮ ಕೆಲಸದ ಭಾಷೆಯಲ್ಲಿ ಇದಕ್ಕೆ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಅಂತೀವಿ. ಒಂದು ಸರ್ವರ್ ಬಿದ್ರೆ ಎಲ್ಲ ಬೀಳೋ ಹಾಗೆ ಯಾರೂ ಸಿಸ್ಟಮ್ ಕಟ್ಟಲ್ಲ. ಅಪ್ಪ-ಅಮ್ಮನ ವಿಷಯದಲ್ಲಿ ಮಾತ್ರ ಹಾಗೇ ಕಟ್ಟಿಬಿಟ್ಟಿದ್ದೀವಿ.

ಕ್ಯಾಮೆರಾ ಹಾಕಿಸಿದ್ದೀವಿ, ಬಿದ್ರೆ ಮೆಸೇಜ್ ಕಳಿಸೋ ವಾಚ್ ಕೊಡಿಸಿದ್ದೀವಿ ಅಂತ ಕೆಲವರು ಹೇಳ್ತಾರೆ. ಒಳ್ಳೇದೇ. ಆದರೆ ಆ ಮೆಸೇಜ್ ಬರೋದು ಹದಿನೈದು ಕಿಲೋಮೀಟರ್ ಆಚೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿರೋ ನಿಮಗೆ. ಐದು ನಿಮಿಷದಲ್ಲಿ ಬಾಗಿಲು ತೆಗೆದು ಒಳಗೆ ಹೋಗಬಲ್ಲವರು ಅದೇ ಮಹಡಿಯಲ್ಲಿದ್ದಾರೆ. ಅವರ ಹತ್ತಿರ ಬೀಗದ ಕೈಯೂ ಇಲ್ಲ, ಒಳಗೆ ಹೋಗಿ ಏನು ಮಾಡಬೇಕು ಅನ್ನೋದೂ ಗೊತ್ತಿಲ್ಲ.

ಇನ್ನೊಂದು ದಾರಿ ನಾವು ಹಿಡಿಯೋದು ಹೆದರಿಕೆಯಿಂದ. "ಒಬ್ಬರೇ ಕೆಳಗೆ ಹೋಗಬೇಡಿ, ಗ್ಯಾಸ್ ಹಚ್ಚಬೇಡಿ, ಅನ್‌ನೋನ್ ನಂಬರ್ ಎತ್ತಬೇಡಿ." ಪ್ರೀತಿಯಿಂದಲೇ ಹೇಳ್ತೀವಿ. ಆದರೆ ನಡೆದಾಡೋದು ಕಡಿಮೆಯಾದ್ರೆ ಕಾಲಿನ ಶಕ್ತಿ ಕುಂದುತ್ತೆ, ಶಕ್ತಿ ಕುಂದಿದ್ರೆ ಬೀಳೋ ಸಾಧ್ಯತೆ ಹೆಚ್ಚುತ್ತೆ. ಬೀಳಬಾರದು ಅಂತ ಕೂರಿಸಿದವರೇ ಮುಂದೆ ಬೀಳ್ತಾರೆ.

ವಯಸ್ಸಾದವರು ವೃದ್ಧಾಶ್ರಮಕ್ಕೋ ಆಸ್ಪತ್ರೆಗೋ ಹೋಗದೆ, ತಾವಿರುವ ಮನೆಯಲ್ಲೇ, ಆದಷ್ಟು ತಮ್ಮ ಕೆಲಸ ತಾವೇ ಮಾಡಿಕೊಂಡು ಇರೋದಕ್ಕೆ ಏಜಿಂಗ್ ಇನ್ ಪ್ಲೇಸ್ ಅಂತ ಹೆಸರು. ಇದಕ್ಕೆ ಮನೆ ಒಂದೇ ಸಾಲದು, ಸುತ್ತಲಿನವರಿಗೂ ಒಂದಿಷ್ಟು ಗೊತ್ತಿರಬೇಕು. ಜಪಾನಿನಲ್ಲಿ 2005ರಿಂದ ಮರೆವಿನ ಕಾಯಿಲೆ ಬಗ್ಗೆ ಸಾಮಾನ್ಯ ಜನರಿಗೆ ಸುಮಾರು 90 ನಿಮಿಷದ ಒಂದು ಪಾಠ ಹೇಳಿಕೊಡ್ತಾ ಬಂದಿದ್ದಾರೆ. ಬ್ಯಾಂಕಿನವರು, ಅಂಗಡಿಯವರು, ಶಾಲೆ ಮಕ್ಕಳು ಎಲ್ಲ ಸೇರಿ ಕೋಟಿಗೂ ಹೆಚ್ಚು ಜನ ಅದನ್ನ ಕಲಿತಿದ್ದಾರೆ. ಅಷ್ಟು ದೂರ ಹೋಗೋದೂ ಬೇಡ. ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ಶುರುವಾದ ಉಪಶಾಮಕ ಆರೈಕೆಯ ಕೆಲಸ ಆಮೇಲೆ ಅಕ್ಕಪಕ್ಕದವರಿಗೇ ತರಬೇತಿ ಕೊಟ್ಟು ಊರೂರಿಗೆ ಹಬ್ಬಿತು. ಹಾಸಿಗೆ ಹಿಡಿದವರ ಮನೆಗೆ ಅದೇ ಊರಿನ ಸ್ವಯಂಸೇವಕರು ಹೋಗಿ ನೋಡಿಕೊಳ್ತಾರೆ. 2008ರಲ್ಲಿ ಕೇರಳ ಸರ್ಕಾರ ಅದಕ್ಕೊಂದು ನೀತಿಯನ್ನೇ ತಂತು.

ನಮ್ಮ ಅಪಾರ್ಟ್‌ಮೆಂಟಿಗೆ ಇದನ್ನ ಇಳಿಸಿದ್ರೆ ನಾಲ್ಕು ಭಾನುವಾರ ಸಾಕು. ಕ್ಲಬ್‌ಹೌಸಿನಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ, ಒಂದೊಂದು ಗಂಟೆ.

ಮೊದಲ ಭಾನುವಾರ: ಬೀಳದೆ ಇರೋದು, ಬಿದ್ದರೆ ಏಳೋದು

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯ್ತಾರೆ. ಅವರಲ್ಲಿ ವಯಸ್ಸಾದವರೇ ಹೆಚ್ಚು. ಒಂದು ಸುಲಭದ ಪರೀಕ್ಷೆಯಿಂದ ಶುರು ಮಾಡಿ. ಕುರ್ಚಿಯಿಂದ ಎದ್ದು, ಹತ್ತು ಅಡಿ ನಡೆದು, ತಿರುಗಿ ಬಂದು ಕೂರಬೇಕು. ದಿನಾ ನಡೆಯೋ ವೇಗದಲ್ಲೇ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದ್ರೆ ಬೀಳೋ ಅಪಾಯ ಇದೆ, ಡಾಕ್ಟರನ್ನೋ ಫಿಸಿಯೋಥೆರಪಿಸ್ಟನ್ನೋ ಕಾಣಬೇಕು ಅಂತ ಅರ್ಥ. ಪಕ್ಕದಲ್ಲಿ ಒಬ್ಬರು ನಿಂತಿರಲಿ.

ಆಮೇಲೆ ಬಾತ್‌ರೂಮ್. ಟವೆಲ್ ಹಾಕೋ ರಾಡು ಮನುಷ್ಯರ ಭಾರ ತಡೆಯಲ್ಲ. ಕೈ ಹಿಡಿಯೋಕೆ ಗೋಡೆಗೆ ಗಟ್ಟಿಯಾಗಿ ಬೋಲ್ಟ್ ಮಾಡಿದ ಹಿಡಿಕೆಯೇ ಬೇಕು, ಕಮೋಡಿನ ಪಕ್ಕ ಒಂದು, ಸ್ನಾನದ ಜಾಗದಲ್ಲಿ ಒಂದು. ಕೂತು ಸ್ನಾನ ಮಾಡೋಕೆ ಜಾರದ ಸ್ಟೂಲು. ಜಾರೋ ಕಾಲೊರಸು ತೆಗೆದುಹಾಕಿ. ಚಿಲಕ ಹೊರಗಿನಿಂದಲೂ ತೆಗೆಯೋ ಥರದ್ದಿರಲಿ, ಒಳಗೆ ಬಿದ್ದವರನ್ನ ತಲುಪೋಕೆ ಬಾಗಿಲು ಒಡೆಯೋ ಪರಿಸ್ಥಿತಿ ಬರಬಾರದು. ಬಿಪಿ ಮಾತ್ರೆ ತಗೊಳ್ಳೋರು ರಾತ್ರಿ ದಿಢೀರನೆ ಎದ್ದು ನಿಂತ್ರೆ ತಲೆ ಸುತ್ತಬಹುದು. ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ಆಮೇಲೆ ಏಳೋದನ್ನ ರೂಢಿ ಮಾಡಿಕೊಳ್ಳಲಿ.

ಬಿದ್ದರೆ? ಪಕ್ಕಕ್ಕೆ ಹೊರಳಿ, ಮೊಣಕಾಲೂರಿ, ಗಟ್ಟಿ ಕುರ್ಚಿ ಹಿಡಿದು ಏಳೋದನ್ನ ಫಿಸಿಯೋಥೆರಪಿಸ್ಟ್ ಎದುರಿಗೆ ಚಾಪೆ ಮೇಲೆ ಮಾಡಿ ನೋಡಬೇಕು. ಪಕ್ಕದ ಮನೆಯವರು ಕಲಿಯೋದು ಇನ್ನೊಂದು: ಓಡಿಬಂದು ರಟ್ಟೆ ಹಿಡಿದು ಎಬ್ಬಿಸಬಾರದು. ಸೊಂಟದಲ್ಲಿ ಜೋರು ನೋವಿದ್ರೆ, ಕಾಲು ಊರೋಕೆ ಆಗದಿದ್ರೆ, ತಲೆಗೆ ಪೆಟ್ಟಾಗಿದ್ರೆ ಹಾಗೇ ಮಲಗಿಸಿ ಆಂಬುಲೆನ್ಸ್ ಕರೀಬೇಕು.

ಎರಡನೇ ಭಾನುವಾರ: ಆ ಅರ್ಧ ಗಂಟೆ

ಲಕ್ವ ಹೊಡೆದಾಗ ಮೂರು ಲಕ್ಷಣ ನೋಡಬೇಕು. ನಗಲು ಹೇಳಿದ್ರೆ ಬಾಯಿ ಒಂದು ಕಡೆ ಸೊಟ್ಟಗಾಗುತ್ತಾ? ಎರಡೂ ಕೈ ಎತ್ತಿದ್ರೆ ಒಂದು ಕೆಳಗೆ ಇಳಿಯುತ್ತಾ? ಮಾತು ತೊದಲುತ್ತಾ? ಒಂದಿದ್ದರೂ ತಡ ಮಾಡಬೇಡಿ. ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ನನ್ನ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮುಂಚೆ ಸ್ಕ್ಯಾನ್ ಆಗಬೇಕು. ಮಗ ಆಫೀಸಿನಿಂದ ಬರಲಿ ಅಂತ ಕಾದ್ರೆ ಆ ಸಮಯ ಕೈತಪ್ಪುತ್ತೆ. ನೀರು, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ, ನುಂಗೋಕೆ ಆಗದೆ ಶ್ವಾಸನಾಳಕ್ಕೆ ಹೋಗಬಹುದು. ಲಕ್ಷಣ ಶುರುವಾದ ಹೊತ್ತು ಬರೆದಿಟ್ಟುಕೊಳ್ಳಿ, ಡಾಕ್ಟರು ಮೊದಲು ಕೇಳೋದು ಅದನ್ನೇ.

ತುರ್ತಿಗೆ 112 ದೇಶದ ಎಲ್ಲ ಕಡೆ ಕೆಲಸ ಮಾಡುತ್ತೆ. ಮಹಾರಾಷ್ಟ್ರ, ತೆಲಂಗಾಣ, ತಮಿಳುನಾಡು, ಕರ್ನಾಟಕದಲ್ಲಿ ಆಂಬುಲೆನ್ಸಿಗೆ 108. ಆದರೆ ನಂಬರ್ ಗೊತ್ತಿದ್ರೂ ಭಾಷೆ ಬರಬೇಕಲ್ಲ. ಗಾಬರಿಯಲ್ಲಿ ಅಮ್ಮ ಮಾತಾಡೋದು ಕನ್ನಡವೇ. ಅದಕ್ಕೆ ಒಂದು ಕಾರ್ಡ್ ಮಾಡಿ. ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಅಲ್ಲಿನ ಭಾಷೆ ಮತ್ತು ಇಂಗ್ಲಿಷ್. ಹೆಸರು, ಫ್ಲ್ಯಾಟ್ ನಂಬರ್, ಕಾಯಿಲೆಗಳು, ಮಾತ್ರೆಗಳು, ರಕ್ತ ತೆಳುವಾಗಿಸೋ ಮಾತ್ರೆ ತಗೋತಾರಾ, ಅಲರ್ಜಿ, ಇಬ್ಬರ ಫೋನ್ ನಂಬರ್, 24 ಗಂಟೆ ಸ್ಕ್ಯಾನ್ ಇರೋ ಹತ್ತಿರದ ಆಸ್ಪತ್ರೆ. ಒಂದು ಪ್ರತಿ ಫ್ರಿಜ್ ಬಾಗಿಲಿಗೆ, ಒಂದು ಪಕ್ಕದ ಮನೆಗೆ. ಕಾರ್ಡಿನಲ್ಲೇ ಸಹಾಯ ಕೇಳೋ ಮಾತನ್ನ ಕನ್ನಡ ಅಕ್ಷರದಲ್ಲಿ ಬರೀರಿ: ಪುಣೆಯಲ್ಲಿ "ಮದತ್ ಕರಾ", ಹೈದರಾಬಾದಿನಲ್ಲಿ "ಸಾಯಂ ಚೇಯಂಡಿ", ಚೆನ್ನೈನಲ್ಲಿ "ಉದವಿ ಪಣ್ಣುಂಗ". ಬಾಯಿಪಾಠ ಆಗೋ ತನಕ ನಾಲ್ಕು ಸಲ ಜೋರಾಗಿ ಹೇಳಿಸಿ. ನಗ್ತಾರೆ, ನಗಲಿ.

ಮೂರನೇ ಭಾನುವಾರ: ಫೋನು ಮತ್ತು ದುಡ್ಡು

ಎರಡು ವಾಕ್ಯ ಗೋಡೆ ಮೇಲೆ ದೊಡ್ಡದಾಗಿ ಬರೀರಿ. ದುಡ್ಡು ಬರೋಕೆ ಯುಪಿಐ ಪಿನ್ ಬೇಡ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನೋದೇ ಇಲ್ಲ. ವಿಡಿಯೋ ಕಾಲಿನಲ್ಲಿ ಪೊಲೀಸ್ ಡ್ರೆಸ್ ಹಾಕಿಕೊಂಡು ಯಾರು ಬಂದ್ರೂ ಫೋನ್ ಇಡಬಹುದು, ಅದು ಅಪರಾಧ ಅಲ್ಲ. "ಮಕ್ಕಳಿಗೆ ಹೇಳಬೇಡಿ" ಅಂದ್ರೆ ಅದು ಕಳ್ಳನೇ. ದುಡ್ಡು ಹೋಗಿದ್ರೆ ಕೂಡಲೇ 1930ಕ್ಕೆ ಫೋನ್. ಕಳ್ಳರು ಖಾತೆಯಿಂದ ಖಾತೆಗೆ ಸಾಗಿಸೋ ಮುಂಚೆ ತಡೆಯೋಕೆ ಬೇಗ ಹೇಳಿದಷ್ಟೂ ಒಳ್ಳೇದು. ಮಗ ಬಯ್ತಾನೆ ಅಂತ ಅಪ್ಪ ಎರಡು ದಿನ ಸುಮ್ಮನಿದ್ರೆ ಅಷ್ಟರಲ್ಲಿ ಎಲ್ಲ ಹೋಗಿರುತ್ತೆ. ಹಾಗಾಗಿ ಬಯ್ಯಲ್ಲ ಅನ್ನೋ ಮಾತನ್ನ ನಾವು ಮೊದಲೇ ಕೊಡಬೇಕು.

ಭಾಷಣ ಬೇಡ, ನಾಟಕ ಮಾಡಿಸಿ. ಒಬ್ಬ ಅಜ್ಜ ಕಳ್ಳನಾಗಿ ಫೋನ್ ಮಾಡಲಿ, ಇನ್ನೊಬ್ಬರು ಉತ್ತರ ಕೊಡಲಿ. ಬಾಯಲ್ಲಿ ಒಂದು ಸಲ "ನೀನು ಯಾರಾದ್ರೂ ಆಗಿರು, ಫೋನ್ ಇಡ್ತೀನಿ" ಅಂತ ಹೇಳಿ ಅಭ್ಯಾಸ ಆದ್ರೆ ನಿಜವಾಗಿ ಕರೆ ಬಂದಾಗ ಅದೇ ಮಾತು ಬಾಯಿಗೆ ಬರುತ್ತೆ.

ಅದೇ ದಿನ ಉಪಯೋಗದ್ದೊಂದು ಕಲಿಸಿ. ಪಿಂಚಣಿದಾರರ ಜೀವಿತ ಪ್ರಮಾಣಪತ್ರಕ್ಕೆ ನವೆಂಬರ್ ತಿಂಗಳಲ್ಲಿ ಊರಿಗೇ ಹೋಗಬೇಕು ಅಂತ ಇನ್ನೂ ಅಂದುಕೊಂಡವರಿದ್ದಾರೆ. ಜೀವನ್ ಪ್ರಮಾಣ್ ಆ್ಯಪಿನಲ್ಲಿ ಫೋನಿನ ಕ್ಯಾಮೆರಾಕ್ಕೆ ಮುಖ ತೋರಿಸಿ ಇಲ್ಲಿಂದಲೇ ಮಾಡಬಹುದು. ಕೇಂದ್ರ ಸರ್ಕಾರದ ಪಿಂಚಣಿ ಪಡೆಯೋ 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶ ಇದೆ. ಆಧಾರ್, ಪಿಪಿಒ ನಂಬರ್, ಬ್ಯಾಂಕ್ ಖಾತೆ ವಿವರ ತಂದ್ರೆ ಕೂತಲ್ಲೇ ಮುಗಿಯುತ್ತೆ. ಫೋನು ಅಂದ್ರೆ ಬರೀ ಭಯ ಅಲ್ಲ ಅನ್ನೋದು ಆಗ ಗೊತ್ತಾಗುತ್ತೆ.

ನಾಲ್ಕನೇ ಭಾನುವಾರ: ಗೇಟಿನವರಿಗೆ, ಮಕ್ಕಳಿಗೆ

ಈ ದಿನ ಹಿರಿಯರು ಬರದಿದ್ರೂ ನಡೆಯುತ್ತೆ. ಸೆಕ್ಯುರಿಟಿಯವರು, ಮನೆಕೆಲಸದವರು, ಹೈಸ್ಕೂಲ್ ಮಕ್ಕಳು ಬರಲೇಬೇಕು. ಮರೆವಿನ ಕಾಯಿಲೆ ಇರೋವರು ದಾರಿ ತಪ್ಪಿ ಗೇಟಿನ ಹತ್ತಿರ ನಿಂತಿದ್ರೆ ಹೇಗೆ ಮಾತಾಡಿಸಬೇಕು? ಹಿಂದಿನಿಂದ ಬರದೆ ಎದುರಿಗೆ ಬನ್ನಿ. ಒಬ್ಬರೇ ಮಾತಾಡಿ, ನಿಧಾನವಾಗಿ, ಚಿಕ್ಕ ಮಾತಿನಲ್ಲಿ. "ನಾನು ಆಫೀಸಿಗೆ ಹೋಗಬೇಕು" ಅಂದ್ರೆ ನೀವು ರಿಟೈರ್ ಆಗಿದ್ದೀರಿ ಅಂತ ವಾದ ಬೇಡ. ಕೂರಿಸಿ, ನೀರು ಕೊಡಿ, ಮನೆಗೆ ಫೋನ್ ಮಾಡಿ.

ನಮ್ಮಂಥವರ ಮನೆಗೆ ಇಲ್ಲಿ ಇನ್ನೊಂದು ಮಾತಿದೆ. ಮರೆವು ಹೆಚ್ಚಾದಂತೆ ಆಮೇಲೆ ಕಲಿತ ಭಾಷೆ ಮೊದಲು ಮಸುಕಾಗೋದುಂಟು. ಮೂವತ್ತು ವರ್ಷ ಹಿಂದಿ ಮಾತಾಡಿದ ಅಪ್ಪ ಒಂದು ದಿನ ಕನ್ನಡಕ್ಕೆ ಮಾತ್ರ ಉತ್ತರ ಕೊಡಬಹುದು. ಅದಕ್ಕೆ ಯಾವ ಫ್ಲ್ಯಾಟಿನಲ್ಲಿ ಕನ್ನಡ ಮಾತಾಡೋವರಿದ್ದಾರೆ ಅನ್ನೋ ಪಟ್ಟಿ ಗೇಟಿನಲ್ಲಿರಲಿ. ಬೆಂಗಾಲಿ, ಒಡಿಯಾ, ಮಲಯಾಳಂನವರ ಪಟ್ಟಿಯೂ ಇರಲಿ. ನಮ್ಮವರಿಗೆ ಮಾತ್ರ ಅಂತ ಮಾಡಿದ್ರೆ ಸೊಸೈಟಿ ಜೊತೆ ನಿಲ್ಲಲ್ಲ, ನಿಲ್ಲಬೇಕಾಗೂ ಇಲ್ಲ.

ನಡೆಸೋದು ಹೇಗೆ

ಪಾಠ ಹೇಳೋಕೆ ದೊಡ್ಡ ಹೆಸರಿನವರು ಬೇಡ. ಹತ್ತಿರದ ಕ್ಲಿನಿಕ್ಕಿನ ಫಿಸಿಯೋಥೆರಪಿಸ್ಟ್, ಅದೇ ಕಟ್ಟಡದ ನರ್ಸ್ ಸಾಕು. ಮೂರನೇ ಭಾನುವಾರಕ್ಕೆ ನಿವೃತ್ತ ಬ್ಯಾಂಕ್ ನೌಕರರು ಪ್ರತಿ ಸೊಸೈಟಿಯಲ್ಲೂ ಒಬ್ಬರಾದ್ರೂ ಇರ್ತಾರೆ. ಮೂವತ್ತೈದು ವರ್ಷ ಕೌಂಟರಿನಲ್ಲಿ ಕೂತವರಿಗೆ ನಾವು ದುಡ್ಡಿನ ಬಗ್ಗೆ ಪಾಠ ಹೇಳೋದಕ್ಕಿಂತ ಅವರ ಕೈಗೆ ಮೈಕ್ ಕೊಡೋದು ಮೇಲು. ಇನ್ನೊಬ್ಬರಿಗೆ ಉಪಯೋಗಕ್ಕೆ ಬಂದೆ ಅನ್ನೋ ಭಾವನೆ ಕೂಡ ಅವರನ್ನ ಮನೆಯಿಂದ ಹೊರಗೆ ತರುತ್ತೆ.

ನಾಲ್ಕು ವಾರ ಆದ ಮೇಲೆ ಫೋಟೋ ಹಾಕಿ ಮುಗಿಸಬೇಡಿ. ಆಫೀಸಿನಲ್ಲಿ ಆನ್-ಕಾಲ್ ರೋಸ್ಟರ್ ಇರುತ್ತಲ್ಲ, ಹಾಗೆ ಪ್ರತಿ ಮಹಡಿಗೆ ಇಬ್ಬರು. ಅವರ ಹತ್ತಿರ ಬೀಗದ ಕೈ, ಕಾರ್ಡಿನ ಪ್ರತಿ. ಮೂರು ತಿಂಗಳಿಗೊಮ್ಮೆ ಒಂದು ಡ್ರಿಲ್: ಗೇಟಿನಿಂದ ಏಳನೇ ಮಹಡಿಗೆ ಸ್ಟ್ರೆಚರ್ ತಲುಪೋಕೆ ಎಷ್ಟು ನಿಮಿಷ? ಲಿಫ್ಟಿನೊಳಗೆ ಸ್ಟ್ರೆಚರ್ ಹಿಡಿಯುತ್ತಾ? ಹಿಡಿಯದಿದ್ರೆ ವೀಲ್‌ಚೇರ್ ಎಲ್ಲಿದೆ? ಇವನ್ನ ಶಾಂತವಾಗಿರೋ ದಿನವೇ ಕೇಳಬೇಕು.

ಅಪ್ಪ-ಅಮ್ಮ ಊರಲ್ಲೇ ಇದ್ದಾರೆ ಅನ್ನೋವರಿಗೂ ಇದೇ ಪಾಠ. ಹುಬ್ಬಳ್ಳಿಯ ಓಣಿಯಲ್ಲೂ ಈಗ ಎಷ್ಟೋ ಮನೆಗಳಲ್ಲಿ ವಯಸ್ಸಾದವರೇ ಇರೋದು, ಮಕ್ಕಳೆಲ್ಲ ಹೊರಗಡೆ. ಹಬ್ಬಕ್ಕೆ ಹೋದಾಗ ಕಾರ್ಡು ಮಾಡಿ, ಹಿಡಿಕೆ ಹಾಕಿಸಿ, ಎದುರು ಮನೆಯವರ ಜೊತೆ ಅರ್ಧ ಗಂಟೆ ಕೂತು ಮಾತಾಡಿ. ಹಿರಿಯರ ಸಹಾಯವಾಣಿ 14567 ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಇರುತ್ತೆ. ಪಿಂಚಣಿ, ಕಾನೂನು, ದೌರ್ಜನ್ಯದಂಥ ವಿಷಯಕ್ಕೆ ಅದು. ಜೀವದ ಪ್ರಶ್ನೆಗೆ 112.

ಈ ವಾರ ಒಂದೇ ಕೆಲಸ ಮಾಡೋದಾದ್ರೆ ಇದನ್ನ ಮಾಡಿ. ಸಂಜೆ ಅಪ್ಪ-ಅಮ್ಮನನ್ನ ಕರೆದುಕೊಂಡು ಎದುರು ಮನೆಗೆ ಹೋಗಿ, ಅವರ ಹೆಸರು ಇವರಿಗೆ, ಇವರ ಹೆಸರು ಅವರಿಗೆ ಗೊತ್ತಾಗಲಿ. ಭಾಷೆ ಬರದಿದ್ರೆ ಒಂದು ಬಟ್ಟಲು ಅವಲಕ್ಕಿ ಜೊತೆಗಿರಲಿ. ಬೀಗದ ಕೈ ಯಾರಿಗೆ ಕೊಡಬೇಕು ಅನ್ನೋದು ಅಲ್ಲಿಂದಲೇ ತೀರ್ಮಾನ ಆಗುತ್ತೆ.