ಹಳೆಯ ಕೈಗಡಿಯಾರದ ಮರುಹುಟ್ಟು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಹಳೆಯ ಮನೆಗಳಲ್ಲಿ ಟ್ರಂಕಿನ ಮುಚ್ಚಳ ತೆರೆದರೆ, ಜಮೀನಿನ ಕಾಗದಪತ್ರಗಳ ಮತ್ತು ಮದುವೆಯ ಸೀರೆಗಳ ನಡುವೆ ಒಂದು ಕೈಗಡಿಯಾರವು ಸಿಕ್ಕುವುದು ಅಪರೂಪವಲ್ಲ. ಅಳಿಯನಿಗೆಂದು ಬೀಗರು ಕೊಟ್ಟದ್ದೋ, ಮೊದಲ ಸಂಬಳದಲ್ಲಿ ಮೇಷ್ಟರೊಬ್ಬರು ಕೊಂಡದ್ದೋ ಅದಾಗಿರಬಹುದು. ಪಟ್ಟಿ ಹರಿದಿರುತ್ತದೆ, ಗಾಜು ಮಸಕಾಗಿರುತ್ತದೆ. ಆದರೂ ಬದಿಯ ತಿರುಪನ್ನು ಹತ್ತಿಪ್ಪತ್ತು ಸಲ ತಿರುಗಿಸಿ ಕಿವಿಗೆ ಹಿಡಿದರೆ, ಎಷ್ಟೋ ವೇಳೆ ಅದು ಮತ್ತೆ ಮಿಡಿಯತೊಡಗುತ್ತದೆ. ಅದರ ಮುಖದ ಮೇಲೆ ‘ಎಚ್.ಎಂ.ಟಿ.’ ಎಂದಿರುವುದೇ ಹೆಚ್ಚು.

ಇಂಥ ಗಡಿಯಾರವೊಂದನ್ನು ಇಂದು ಮತ್ತೆ ಹೊಸದಾಗಿ ತಯಾರಿಸಬೇಕೆಂದರೆ ಏನೇನು ಬೇಕು? ನಕಾಶೆ ಇದ್ದರೆ ಸಾಕು, ಯಂತ್ರ ಇದ್ದರೆ ಸಾಕು ಎಂದು ಮೇಲ್ನೋಟಕ್ಕೆ ತೋರುತ್ತದೆ. ನಿಜಸ್ಥಿತಿ ಹಾಗಿಲ್ಲ. ಹಳೆಯ ಗಡಿಯಾರಗಳನ್ನು ಮರಳಿ ಹೊರತರುವ ಕೆಲಸವನ್ನು ಜಪಾನಿನವರು ಇತ್ತೀಚಿನ ವರ್ಷಗಳಲ್ಲಿ ಶ್ರದ್ಧೆಯಿಂದ ನಡೆಸಿದ್ದಾರೆ. ಅವರ ಅನುಭವವನ್ನು ನಮ್ಮ ನಾಡಿನ ಗಡಿಯಾರದ ಕಥೆಯೊಡನೆ ಇಟ್ಟು ನೋಡಿದರೆ, ವಸ್ತುವೊಂದರ ಹಿಂದಿರುವ ಕುಶಲತೆ ಎಲ್ಲಿ ವಾಸಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ಎರಡು ಹೆಸರುಗಳು, ಒಂದೇ ಅರ್ಥ

1924ರಲ್ಲಿ ಟೋಕಿಯೋ ನಗರದಲ್ಲಿ ಒಂದು ಜೇಬುಗಡಿಯಾರವು ಮಾರಾಟಕ್ಕೆ ಬಂದಿತು. ಅದಕ್ಕೆ ‘ಸಿಟಿಜನ್’, ಎಂದರೆ ನಾಗರಿಕ, ಎಂಬ ಹೆಸರನ್ನು ಸೂಚಿಸಿದವರು ಆ ನಗರದ ಮೇಯರಾಗಿದ್ದ ಗೋಟೋ ಶಿಂಪೇ. ಗಡಿಯಾರವು ಸಿರಿವಂತರ ಸೊತ್ತಾಗಿ ಉಳಿಯದೆ ಸಾಮಾನ್ಯ ನಾಗರಿಕರ ಕೈಗೂ ಬರಲಿ ಎಂಬುದು ಅವರ ಆಶಯ. 1930ರಲ್ಲಿ ಇದೇ ಹೆಸರಿನ ಕಂಪನಿ ಸ್ಥಾಪನೆಯಾಯಿತು.

ಇತ್ತ ಬೆಂಗಳೂರಿನ ಜಾಲಹಳ್ಳಿಯಲ್ಲಿ 1953ರಲ್ಲಿ ಹಿಂದೂಸ್ತಾನ್ ಮಷೀನ್ ಟೂಲ್ಸ್ ಕಾರ್ಖಾನೆ ಆರಂಭವಾಗಿತ್ತು. ಲೋಹವನ್ನು ಕೊರೆಯುವ, ಕಡೆಯುವ ಯಂತ್ರಗಳನ್ನು ಮಾಡುತ್ತಿದ್ದ ಈ ಸಂಸ್ಥೆಯು 1961ರಲ್ಲಿ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರದ ತಯಾರಿಕೆಗೆ ಕೈಹಾಕಿತು. ಅಲ್ಲಿಂದ ಹೊರಬಂದ ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. ಮುಂದೆ ಅತ್ಯಂತ ಜನಪ್ರಿಯವಾದ ಮಾದರಿಯ ಹೆಸರು ‘ಜನತಾ’. ಟೋಕಿಯೋದ ‘ನಾಗರಿಕ’ನು ಬೆಂಗಳೂರಿನಲ್ಲಿ ‘ಜನತೆ’ಯಾದನು ಎನ್ನಬಹುದು.

ಆಗ ರಾಯಚೂರು ಜಿಲ್ಲೆಗೆ ಸೇರಿದ್ದ ನಮ್ಮ ನಾಲ್ಕು ತಾಲೂಕುಗಳು 1997ರಲ್ಲಿ ಕೊಪ್ಪಳ ಜಿಲ್ಲೆಯಾಗುವ ವೇಳೆಗೆ, ಆ ಗಡಿಯಾರವು ಇಲ್ಲಿ ಎರಡು ತಲೆಮಾರುಗಳ ಮಣಿಕಟ್ಟನ್ನು ಕಂಡಿತ್ತು. ಆದರೆ ಬ್ಯಾಟರಿಯ ಅಗ್ಗದ ಗಡಿಯಾರಗಳ ಮುಂದೆ ಕಾರ್ಖಾನೆ ಸೋತಿತು. 2016ರ ಜನವರಿಯಲ್ಲಿ ಎಚ್.ಎಂ.ಟಿ. ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು ಒಪ್ಪಿಗೆಯಿತ್ತಿತು. 1978ರಲ್ಲಿ ತುಮಕೂರಿನಲ್ಲಿ ಎದ್ದಿದ್ದ ಕಾರ್ಖಾನೆಯ ಜಾಗ ಇಸ್ರೋ ಸಂಸ್ಥೆಗೆ ಸೇರಿತು. ಎಚ್.ಎಂ.ಟಿ. ಹೆಸರಿನ ಗಡಿಯಾರಗಳು ಆ ಬಳಿಕವೂ ಮಾರುಕಟ್ಟೆಗೆ ಬಂದಿವೆ. ಆದರೆ ಲಕ್ಷಗಟ್ಟಲೆ ಒಳಯಂತ್ರಗಳನ್ನು ತಯಾರಿಸುತ್ತಿದ್ದ ಆ ವಿಶಾಲ ಕಾರ್ಯಾಗಾರಗಳು ಈಗಿಲ್ಲ.

ಒಂದು ಸೆಕೆಂಡಿಗೆ ಐದು ಮಿಡಿತ

ಜನತಾ ಗಡಿಯಾರದ ಒಳಗನ್ನು ಸ್ವಲ್ಪ ನೋಡೋಣ. ನಾವು ಕೀಲಿ ಕೊಟ್ಟಾಗ ಉಕ್ಕಿನ ಪಟ್ಟಿಯೊಂದು ಡಬ್ಬಿಯೊಳಗೆ ಸುತ್ತಿಕೊಳ್ಳುತ್ತದೆ. ಇದೇ ಮೇನ್‌ಸ್ಪ್ರಿಂಗು. ಬಿಚ್ಚಿಕೊಳ್ಳಲು ಹವಣಿಸುವ ಅದರ ಬಲವು ಹಲ್ಲಿನ ಚಕ್ರಗಳ ಸಾಲಿನಲ್ಲಿ ಹರಿದು ಬರುತ್ತದೆ. ತಡೆಯಿಲ್ಲದಿದ್ದರೆ ಚಕ್ರಗಳು ಗಿರ್ರನೆ ತಿರುಗಿ ಕೆಲವು ಕ್ಷಣಗಳಲ್ಲೇ ನಿಂತುಬಿಡುತ್ತಿದ್ದವು. ತಡೆಯುವುದು ಎರಡು ಕವಲಿನ ಒಂದು ಪುಟ್ಟ ಕೊಕ್ಕೆ. ಅದು ಚಕ್ರದ ಒಂದೊಂದೇ ಹಲ್ಲನ್ನು ಹಿಡಿದು ಬಿಡುತ್ತದೆ. ಯಾವಾಗ ಬಿಡಬೇಕೆಂದು ಅದಕ್ಕೆ ಹೇಳುವುದು ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ. ಆ ಚಕ್ರವನ್ನು ಪ್ರತಿ ಸಲವೂ ಹಿಂದಕ್ಕೆಳೆಯುವುದು ತಲೆಗೂದಲಿಗಿಂತ ತೆಳುವಾದ ಹೇರ್‌ಸ್ಪ್ರಿಂಗು ಎಂಬ ಸುರುಳಿ.

ಈ ಚಕ್ರ ಗಂಟೆಗೆ 18,000 ಸಲ, ಎಂದರೆ ಸೆಕೆಂಡಿಗೆ 5 ಸಲ ಮಿಡಿಯುತ್ತದೆ. ದಿನಕ್ಕೆ 4,32,000 ಸಲ. ವರ್ಷಕ್ಕೆ ಹದಿನೈದೂಮುಕ್ಕಾಲು ಕೋಟಿ ಸಲ! ಇಷ್ಟು ತಿಕ್ಕಾಟದಲ್ಲಿ ಅಚ್ಚುಗಳು ಸವೆಯಬಾರದೆಂದು ಅವುಗಳ ತುದಿಗಳನ್ನು ಮಾಣಿಕ್ಯದ ಹರಳುಗಳಲ್ಲಿ ಕೂರಿಸುತ್ತಾರೆ. ಇವು ಗಣಿಯ ರತ್ನಗಳಲ್ಲ. ಫ್ರಾನ್ಸಿನ ವೆರ್ನಾಯ್ 1902ರಲ್ಲಿ ಪ್ರಕಟಿಸಿದ ವಿಧಾನದಿಂದ, ಅಲ್ಯುಮಿನಿಯಂ ಆಕ್ಸೈಡಿನ ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಬೆಳೆಸಿದ ಕೃತಕ ಹರಳುಗಳು. ಆದುದರಿಂದಲೇ ‘17 ಹರಳು’ಗಳ ಗಡಿಯಾರವನ್ನು ಬಡ ಗುಮಾಸ್ತನೂ ಕಟ್ಟಿಕೊಳ್ಳುವಂತಾಯಿತು.

ನಕಾಶೆ ಹೇಳದ ಮಾತು

ಇನ್ನು ತಯಾರಿಕೆಯ ಕಷ್ಟವನ್ನು ನೋಡೋಣ. ಹೇರ್‌ಸ್ಪ್ರಿಂಗಿನ ದಪ್ಪ ಸುಮಾರು 0.03 ಮಿಲಿಮೀಟರು ಎಂದಿಟ್ಟುಕೊಳ್ಳಿ. ಇಂಥ ಪಟ್ಟಿಯ ಬಿಗಿತವು ಅದರ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ: ದಪ್ಪ ಎರಡರಷ್ಟಾದರೆ ಬಿಗಿತ ಎಂಟರಷ್ಟಾಗುತ್ತದೆ. ಚಕ್ರದ ಮಿಡಿತದ ವೇಗವಾದರೋ ಈ ಬಿಗಿತದ ವರ್ಗಮೂಲಕ್ಕೆ ಅನುಗುಣ. ಲೆಕ್ಕ ಹಾಕಿದರೆ, ದಪ್ಪದಲ್ಲಿ ನೂರಕ್ಕೆ ಒಂದು ಪಾಲು ಹೆಚ್ಚಾದಾಗ ವೇಗವು ನೂರಕ್ಕೆ ಒಂದೂವರೆ ಪಾಲು ಹೆಚ್ಚುತ್ತದೆ. ದಿನದ 86,400 ಸೆಕೆಂಡುಗಳಲ್ಲಿ ಇದು 1,296 ಸೆಕೆಂಡು. ಎಂದರೆ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಮೂರು ಪಾಲು ತಪ್ಪಿದರೆ ಗಡಿಯಾರವು ದಿನಕ್ಕೆ 21 ನಿಮಿಷಕ್ಕೂ ಮಿಕ್ಕು ಮುಂದೋಡುತ್ತದೆ!

ಇಷ್ಟು ನಿಖರವಾಗಿ ಲೋಹವನ್ನು ಎಳೆಯುವುದು ಒಳ್ಳೆಯ ಯಂತ್ರಕ್ಕೂ ಸುಲಭವಲ್ಲ. ಹೀಗಿರುವಲ್ಲಿ ಕುಶಲಿಗಳು ಒಂದು ಉಪಾಯ ಮಾಡುತ್ತಾರೆ. ಪ್ರತಿಯೊಂದು ಸುರುಳಿಯ ಬಿಗಿತವನ್ನೂ ಪ್ರತಿಯೊಂದು ಚಕ್ರದ ಜಡತೆಯನ್ನೂ ಅಳೆದು, ವರ್ಗಗಳಾಗಿ ವಿಂಗಡಿಸಿ, ಬಿಗಿ ಸುರುಳಿಗೆ ಭಾರದ ಚಕ್ರ, ಸಡಿಲ ಸುರುಳಿಗೆ ಹಗುರ ಚಕ್ರ ಎಂದು ಜೋಡಿ ಹೊಂದಿಸುತ್ತಾರೆ. ಮದುವೆಗೆ ಜಾತಕ ನೋಡಿದ ಹಾಗೆ! ಆಮೇಲೆ ಸುರುಳಿಯನ್ನು ಚಿಮಟದಿಂದ ಹಿಡಿದು, ಅದು ಒಂದೇ ಸಮತಲದಲ್ಲಿ, ಒಂದೇ ಕೇಂದ್ರದಿಂದ ಉಸಿರಾಡುವಂತೆ ತಿದ್ದಬೇಕು. ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಯಾವ ನಕಾಶೆಯೂ ಬರೆದಿಡಲಾರದು. ಅದನ್ನು ಬಲ್ಲವರ ಪಕ್ಕದಲ್ಲಿ ಕುಳಿತು, ಹತ್ತಾರು ಸುರುಳಿ ಕೆಡಿಸಿ, ಕಲಿಯಬೇಕು.

ನಮ್ಮ ಸೀಮೆಯ ಬಿಸಿಲೂ ದೂಳೂ

ಕೊಪ್ಪಳ ಸೀಮೆಯ ಬೇಸಿಗೆಯಲ್ಲಿ ಉಷ್ಣತೆಯು 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಸಾಧಾರಣ ಉಕ್ಕಿನ ಹೇರ್‌ಸ್ಪ್ರಿಂಗು ಬಿಸಿಯಾದಂತೆಲ್ಲ ಮೆತ್ತಗಾಗಿ, ಒಂದು ಡಿಗ್ರಿಗೆ ದಿನಕ್ಕೆ ಸುಮಾರು 11 ಸೆಕೆಂಡು ನಿಧಾನಿಸುತ್ತದೆ. 20 ಡಿಗ್ರಿಯ ವ್ಯತ್ಯಾಸಕ್ಕೆ ಇದು ಮೂರೂವರೆ ನಿಮಿಷಕ್ಕೂ ಹೆಚ್ಚು. ಈ ತೊಡಕನ್ನು ಬಿಡಿಸಿದವರು ಸ್ವಿಟ್ಸರ್ಲೆಂಡಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಶಾರ್ಲ್ ಎದುವಾರ್ ಗಿಯೋಮ್. ಕಬ್ಬಿಣ ಮತ್ತು ನಿಕಲ್ ಸೇರಿದ ವಿಶಿಷ್ಟ ಮಿಶ್ರಲೋಹಗಳಲ್ಲಿ ಬಿಸಿಯ ಪ್ರಭಾವ ತೀರ ಕಡಿಮೆಯೆಂದು ತೋರಿಸಿದ ಅವರಿಗೆ 1920ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಅವರ ಪರಂಪರೆಯ ಮಿಶ್ರಲೋಹಗಳಿಂದಾಗಿ, ಚೈತ್ರದ ಬಿಸಿಲಿಗೂ ಪುಷ್ಯದ ಚಳಿಗೂ ಕೈಗಡಿಯಾರವು ಹೆಚ್ಚು ಅಲುಗದೆ ನಡೆಯುತ್ತದೆ.

ದೂಳಿನ ಮಾತು ಬೇರೆ. ಕುಷ್ಟಗಿ ಕಡೆಯ ಕಲ್ಲುಗಣಿಗಳು, ಗಂಗಾವತಿಯ ಅಕ್ಕಿ ಗಿರಣಿಗಳು, ಯಲಬುರ್ಗಾದ ಕಪ್ಪು ಎರೆಭೂಮಿ: ಇಲ್ಲೆಲ್ಲ ಗಾಳಿಯಲ್ಲಿ ದೂಳಿದ್ದೇ ಇದೆ. ಹಳೆಯ ಗಡಿಯಾರದ ತಿರುಪಿನ ಸಂದಿನಿಂದ ಅದು ಒಳಗೆ ಸೇರಿ, ಎಣ್ಣೆಯೊಡನೆ ಬೆರೆತು, ಮಾಣಿಕ್ಯದ ಕುಳಿಯಲ್ಲಿ ಅರೆಯುವ ಹಿಟ್ಟಾಗುತ್ತದೆ. ಎಣ್ಣೆಯೂ ಕಾಲಕ್ರಮದಲ್ಲಿ ಒಣಗುತ್ತದೆ. ಟ್ರಂಕಿನ ಗಡಿಯಾರಕ್ಕೆ ಮೊದಲು ಬೇಕಾದುದು ಕೀಲಿಯಲ್ಲ, ಶುದ್ಧಿ ಮತ್ತು ಹೊಸ ಎಣ್ಣೆ ಎಂಬುದನ್ನು ವಾಚಕರು ನೆನಪಿಡಬೇಕು.

ಜಪಾನಿನವರು ಮಾಡಿದ್ದೇನು?

ಸಿಟಿಜನ್ನಿನ ಹಿರಿಯ ಪ್ರತಿಸ್ಪರ್ಧಿ ಸೀಕೋ. ಅದರ ಮೂಲ, ಹತ್ತೋರಿ ಕಿಂತಾರೋ ಎಂಬವರು 1881ರಲ್ಲಿ ಟೋಕಿಯೋದಲ್ಲಿ ತೆರೆದ ಅಂಗಡಿ. ಎಚ್.ಎಂ.ಟಿ. ಗಡಿಯಾರ ಹುಟ್ಟಿದ ಅದೇ 1961ರಲ್ಲಿ ಈ ಮನೆತನದಿಂದ ‘ಕಿಂಗ್ ಸೀಕೋ’ ಎಂಬ ಉತ್ತಮ ದರ್ಜೆಯ ಗಡಿಯಾರವು ಹೊರಬಂದಿತು. ಅದರ ಎರಡನೆಯ ಪೀಳಿಗೆಯ, 1965ರ ಮಾದರಿಯನ್ನು 2021ರಲ್ಲಿ, ಸ್ಥಾಪನೆಯ 140ನೆಯ ವರ್ಷದ ನೆನಪಿಗೆ, 3,000 ಸಂಖ್ಯೆಗೆ ಮಿತಗೊಳಿಸಿ ಮರಳಿ ತಂದರು.

ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು ಎಂಬ ವಿವೇಕವೇ ಇಂಥ ಕೆಲಸದ ಜೀವಾಳ. ಕಿಂಗ್ ಸೀಕೋದ ಗುರುತು ಅದರ ಕೇಸಿನ ಅಗಲವಾದ ಸಮತಟ್ಟು ಮುಖಗಳು, ಅವು ಕೂಡುವಲ್ಲಿನ ಚೂಪು ಅಂಚುಗಳು, ಹನ್ನೆರಡು ಗಂಟೆಯ ಜಾಗದ ದಪ್ಪ ಗುರುತು. ಇವನ್ನು ಉಳಿಸಿಕೊಂಡರು. ಬೇಗ ಗೀರು ಬೀಳುತ್ತಿದ್ದ ಹಳೆಯ ಪಾರದರ್ಶಕದ ಬದಲು ಅದೇ ಉಬ್ಬಿನ ನೀಲಮಣಿಯ ಗಾಜನ್ನು ಹಾಕಿದರು. ಕೈಯಿಂದ ಕೀಲಿ ಕೊಡುವ ಯಂತ್ರದ ಬದಲು, ಮಣಿಕಟ್ಟಿನ ಚಲನೆಯಿಂದ ತಾನೇ ಸುತ್ತಿಕೊಳ್ಳುವ, ಗಂಟೆಗೆ 28,800 ಸಲ ಮಿಡಿಯುವ ಯಂತ್ರವನ್ನು ಕೂರಿಸಿದರು.

ಹೊಳಪಿನ ಕೆಲಸವೂ ಸಾಮಾನ್ಯವಾದುದಲ್ಲ. ಸೀಕೋ ಮನೆತನದ ಶ್ರೇಷ್ಠ ದರ್ಜೆಯ ಕೇಸುಗಳಿಗೆ ಬಳಸುವ ‘ಜರಾಟ್ಸು’ ವಿಧಾನದಲ್ಲಿ, ಕುಶಲಿಯು ತಿರುಗುವ ಲೋಹದ ತಟ್ಟೆಗೆ ಕೇಸನ್ನು ಕೈಯಿಂದಲೇ ಒತ್ತಿ ಹಿಡಿಯುತ್ತಾನೆ. ಕೋನವು ಒಂದಿಷ್ಟು ತಪ್ಪಿದರೆ ಅಂಚು ಉರುಟಾಗಿಬಿಡುತ್ತದೆ. ಸರಿಯಾದರೆ ಆ ಮುಖವು ಕನ್ನಡಿಯಂತೆ ಬಿಂಬವನ್ನು ಡೊಂಕಿಲ್ಲದೆ ತೋರಿಸುತ್ತದೆ. ಈ ಯಂತ್ರವನ್ನು ಮಾಡಿದ ಯುರೋಪಿನ ‘ಸಲ್ಲಾಜ್’ ಸಂಸ್ಥೆಯ ಹೆಸರೇ ಜಪಾನೀ ನಾಲಗೆಯಲ್ಲಿ ‘ಜರಾಟ್ಸು’ ಆಯಿತು.

ಇಲ್ಲಿ ನಾವು ಗಮನಿಸಲೇಬೇಕಾದ ಒಂದು ಸಂಗತಿಯಿದೆ. 1969ರ ಡಿಸೆಂಬರಿನಲ್ಲಿ ಜಗತ್ತಿನ ಮೊದಲ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರಾಟಕ್ಕೆ ತಂದವರೂ ಸೀಕೋದವರೇ. ಅದರ ಹೊಡೆತಕ್ಕೆ ಅವರದೇ ಕೀಲಿ ಗಡಿಯಾರಗಳು ಮಂಕಾದವು. ಶ್ರೇಷ್ಠ ದರ್ಜೆಯ ‘ಗ್ರ್ಯಾಂಡ್ ಸೀಕೋ’ದಲ್ಲಿ ಅವು 1970ರ ದಶಕದ ನಡುವೆ ನಿಂತುಹೋಗಿ, ಮತ್ತೆ ಬಂದದ್ದು 1998ರಲ್ಲಿ. ನಡುವಿನ ಅಂತರ ಇಪ್ಪತ್ತು ವರ್ಷಕ್ಕೆ ತುಸು ಹೆಚ್ಚು. 1975ರಲ್ಲಿ ಇಪ್ಪತ್ತರ ಹರೆಯದಲ್ಲಿ ಕೆಲಸ ಕಲಿತವನಿಗೆ ಆಗ ನಲವತ್ತಮೂರು. ಅವನ ಕಣ್ಣೂ ಕೈಯೂ ಇನ್ನೂ ಗಟ್ಟಿ. ಆ ಅಂತರವು ನಲವತ್ತು ವರ್ಷವಾಗಿದ್ದರೆ? ಎಷ್ಟು ಬಂಡವಾಳ ಹೂಡಿದರೂ ಕಲಿಸುವವರನ್ನು ಹುಡುಕಬೇಕಾಗುತ್ತಿತ್ತು.

ಹೊಸ ಬಣ್ಣವೂ ಮರುಹುಟ್ಟೂ

ನಮ್ಮ ದೇಶದಲ್ಲಿ ಹಳೆಯ ಎಚ್.ಎಂ.ಟಿ. ಗಡಿಯಾರಗಳಿಗೆ ಈಗ ಮತ್ತೆ ಬೇಡಿಕೆ ಬಂದಿದೆ. ಅದರ ಜೊತೆಗೇ ಒಂದು ಹುಸಿ ವ್ಯಾಪಾರವೂ ಬೆಳೆದಿದೆ. ಹಳೆಯ ಯಂತ್ರಕ್ಕೆ ಕಂಡ ಕಂಡ ಗಡಿಯಾರಗಳ ಬಿಡಿಭಾಗ ಸೇರಿಸಿ, ಡಯಲನ್ನು ಉಜ್ಜಿ, ಕಾರ್ಖಾನೆ ಎಂದೂ ಬಳಸದ ಬಣ್ಣಗಳನ್ನು ಬಳಿದು, ‘ಜನತಾ’, ‘ಪೈಲಟ್’ ಎಂದು ಮುದ್ರಿಸಿ ಮಾರುವುದುಂಟು. ಅಕ್ಷರದ ಅಂಚು ಒಡೆದಿರುವುದು, ನಿಮಿಷದ ಗೆರೆಗಳು ಮುಳ್ಳಿಗೆ ಹೊಂದದಿರುವುದು ಇದರ ಲಕ್ಷಣ. ತಂದೆಯ ಗಡಿಯಾರವನ್ನು ಹೊಳೆಯಿಸಬೇಕೆಂಬ ಆಸೆಯಿಂದ ಅದರ ಡಯಲಿಗೆ ಬಣ್ಣ ಹಾಕಿಸುವವರೂ ಇದ್ದಾರೆ. ಮಸಕಾದ ಡಯಲನ್ನು ಹಾಗೆಯೇ ಇರಗೊಟ್ಟು, ಯಂತ್ರವನ್ನು ಮಾತ್ರ ಶುದ್ಧಿ ಮಾಡಿಸುವುದೇ ಮೇಲು. ಬಣ್ಣ ಒಮ್ಮೆ ಹೋದರೆ ಮೂಲದ ಸಾಕ್ಷಿ ಮರಳಿ ಬರುವುದಿಲ್ಲ.

ಮೇಲಿನ ಬಣ್ಣಕ್ಕೂ ಒಳಗಿನ ಪದ್ಧತಿಗೂ ಇರುವ ಭೇದವನ್ನು ತಿಳಿಯಲು ನಾವು ಜಪಾನಿಗೆ ಹೋಗಬೇಕಾಗಿಲ್ಲ. ಕೊಪ್ಪಳಕ್ಕೆ ಸಮೀಪದ ಕಿನ್ನಾಳಕ್ಕೆ ಹೋದರೆ ಸಾಕು. ಅಲ್ಲಿನ ಚಿತ್ರಗಾರರು ಹಗುರ ಮರದ ಗೊಂಬೆಯ ಭಾಗಗಳನ್ನು ಕೂಡಿಸುವಾಗ, ನೆನೆಸಿ ಒಣಗಿಸಿ ಪುಡಿಮಾಡಿದ ಗೋಣಿಯ ನಾರು, ಮರದ ಹೊಟ್ಟು, ಹುಣಿಸೆಬೀಜದ ಸರಿ ಇವನ್ನು ಕಲಸಿದ ‘ಕಿಟ್ಟ’ವನ್ನು ಮೆತ್ತುತ್ತಾರೆ, ಅದರ ಮೇಲೆ ಬಟ್ಟೆಯ ಚೂರು, ಅದರ ಮೇಲೆ ಕಲ್ಲಿನ ಪುಡಿಯ ಲೇಪ, ಕೊನೆಗೆ ಬಣ್ಣ. ನೋಡುವವನಿಗೆ ಕಾಣುವುದು ಬಣ್ಣ ಮಾತ್ರ. ಗೊಂಬೆಯನ್ನು ಬಿರುಕು ಬಿಡದಂತೆ ಕಾಯುವುದು ಕಾಣದ ಕಿಟ್ಟ. ಅದರ ಹದ ಚಿತ್ರಗಾರನ ಬೆರಳಿಗೆ ಗೊತ್ತು. ಇಂದು ಮಾಡಿದ ಕಿನ್ನಾಳದ ಗರುಡನು ಹಳೆಯ ಗರುಡನ ನಕಲಲ್ಲ. ಅದೇ ಪದ್ಧತಿಯ ಮುಂದಿನ ಕೂಸು.

ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಸಂಸ್ಥೆಯ ಸಂಗ್ರಹಾಲಯವಿದೆ, ಹಳೆಯ ಮಾದರಿಗಳು ಅಲ್ಲಿ ಭದ್ರವಾಗಿವೆ. ಅಷ್ಟರಮಟ್ಟಿಗೆ ಸಂತೋಷ. ಆದರೆ ಹೇರ್‌ಸ್ಪ್ರಿಂಗನ್ನು ತಿದ್ದುವ ಬೆರಳಿನ ಹದವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗದು. 1960ರ ದಶಕದಲ್ಲಿ ಆ ವಿದ್ಯೆ ಕಲಿತವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಕೊನೆಯ ತಂಡದವರು ಇನ್ನೂ ನಡುವಯಸ್ಸಿನವರು. ಜಪಾನಿನವರಿಗೆ ದೊರೆತ ಇಪ್ಪತ್ತು ವರ್ಷಗಳ ಅವಕಾಶವನ್ನು 2016ರಿಂದ ಎಣಿಸಿದರೆ, ನಮ್ಮ ಪಾಲಿನದು ಅರ್ಧಕ್ಕೆ ಸಮೀಪಿಸಿದೆ. ನಮ್ಮ ಊರುಗಳ ಪೇಟೆಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ ದುರಸ್ತಿಗಾರನ ಪಕ್ಕದಲ್ಲಿ ಒಬ್ಬ ಹುಡುಗನು ಕೂತು ಕಲಿಯುವಂತಾದರೆ, ಆ ವಿದ್ಯೆಯ ಒಂದು ಎಳೆಯಾದರೂ ಉಳಿದೀತು. ಟ್ರಂಕಿನಲ್ಲಿರುವ ಗಡಿಯಾರವನ್ನು ಈ ವಾರವೇ ಅವನ ಮೇಜಿಗೆ ಒಯ್ಯುವುದು ಅದಕ್ಕೆ ನಾವು ಮಾಡಬಹುದಾದ ಮೊದಲ ಸಹಾಯ.