ಮೊಬೈಲ್‌ನಲ್ಲಿ ಕನ್ನಡ: ಕೀಲಿಮಣೆಯ ಆಯ್ಕೆಯಲ್ಲಿದೆ ಗುಟ್ಟು

ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡಿರುವ ರಾಜಗೋಪಾಲನಗರದಿಂದ ಕಾರ್ಮಿಕರೊಬ್ಬರು ಊರಿಗೆ ಸಂದೇಶ ಕಳುಹಿಸುತ್ತಾರೆ ಎಂದಿಟ್ಟುಕೊಳ್ಳಿ. 'ಬೆಳೆ ಹೇಗಿದೆ?' ಎಂಬ ಪ್ರಶ್ನೆಯನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಓದುವವರಿಗೆ ಅದು 'ಬೆಲೆ'ಯೂ ಆಗಬಹುದು, 'ಬೇಳೆ'ಯೂ ಆಗಬಹುದು. ಕನ್ನಡವನ್ನು ಕನ್ನಡ ಲಿಪಿಯಲ್ಲೇ ಬರೆಯಬೇಕೆನ್ನುವುದು ಕೇವಲ ಅಭಿಮಾನದ ಮಾತಲ್ಲ. ಅರ್ಥದ ಪ್ರಶ್ನೆಯೂ ಹೌದು.

ಹಾಗಿದ್ದರೂ ಹಲವರು ಹಿಂಜರಿಯುವುದೇಕೆ? 49 ಅಕ್ಷರಗಳು, ಅವುಗಳ ಗುಣಿತ, ಒತ್ತಕ್ಷರಗಳೆಲ್ಲ ಅಂಗೈಯಗಲದ ಪರದೆಯಲ್ಲಿ ಹಿಡಿಸಬೇಕು. ಕೆ.ಪಿ. ರಾವ್ ಅವರು ರೂಪಿಸಿದ, 'ನುಡಿ' ತಂತ್ರಾಂಶದ ಮೂಲಕ ಮನೆಮಾತಾದ ವಿನ್ಯಾಸವು ಇಂಗ್ಲಿಷ್‌ನ 26 ಕೀಲಿಗಳಲ್ಲೇ ಇವನ್ನೆಲ್ಲ ಅಡಗಿಸಿತು. ಆದರೆ ಅದು ಹತ್ತು ಬೆರಳುಗಳ ಕಂಪ್ಯೂಟರಿಗಾಗಿ ಹುಟ್ಟಿದ್ದು. ಮೊಬೈಲ್‌ನಲ್ಲಿ ದುಡಿಯುವುದು ಎರಡೇ ಹೆಬ್ಬೆರಳು. 'ಶಿಫ್ಟ್' ಕೂಡ ಪ್ರತ್ಯೇಕ ಒತ್ತು.

'ರಾಜಗೋಪಾಲನಗರ' ಪದವನ್ನೇ ನೋಡಿ. ಇಂಗ್ಲಿಷ್ ಅಕ್ಷರಗಳಿಂದ ಲಿಪ್ಯಂತರ ಮಾಡಿದರೆ 16 ಒತ್ತು. ರಾವ್ ವಿನ್ಯಾಸದಲ್ಲಿ 11 ಒತ್ತು, ಜೊತೆಗೆ ದೀರ್ಘ ಸ್ವರಗಳಿಗಾಗಿ 3 ಶಿಫ್ಟ್. ಕೇಂದ್ರ ಸರ್ಕಾರದ ಮಾನ್ಯತೆ ಪಡೆದ ಇನ್‌ಸ್ಕ್ರಿಪ್ಟ್‌ನಲ್ಲಿ ಕೇವಲ 11. ಕಲಿಯಲು ಸುಲಭವಾದದ್ದು ಲಿಪ್ಯಂತರ. ಕಲಿತ ಮೇಲೆ ಒತ್ತು ಉಳಿಸುವುದು ಇನ್‌ಸ್ಕ್ರಿಪ್ಟ್.

2012ರಲ್ಲಿ ಆಂಡ್ರಾಯ್ಡ್ 4.1 ಆವೃತ್ತಿ ಕನ್ನಡಕ್ಕೆ ಬೆಂಬಲ ನೀಡಿದ ನಂತರ ಅಕ್ಷರಗಳು ಚೌಕಗಳಾಗಿ ಕಾಣುವ ತೊಂದರೆ ಬಹುಮಟ್ಟಿಗೆ ನೀಗಿತು. 2017ರಲ್ಲಿ ಗೂಗಲ್‌ನ ಧ್ವನಿ ಬೆರಳಚ್ಚಿಗೂ ಕನ್ನಡ ಸೇರಿತು. ಆದರೆ ಯಂತ್ರಗಳ ಸದ್ದಿನ ನಡುವೆ ಮಾತು ಹಿಡಿಯುವುದು ಕಷ್ಟ. ಅಲ್ಲಿ ಬೆರಳೇ ಗತಿ.

ಪದ ಸೂಚಿಸುವ ಸೌಲಭ್ಯಕ್ಕೂ ಕನ್ನಡ ಸವಾಲೊಡ್ಡುತ್ತದೆ. 'ಮನೆ' ಎಂಬ ಒಂದೇ ಪದ ಮನೆಯಲ್ಲಿ, ಮನೆಯಿಂದ, ಮನೆಯವರಿಗೂ ಎಂದು ಬೆಳೆಯುತ್ತಲೇ ಹೋಗುತ್ತದೆ. ಎಲ್ಲ ರೂಪಗಳನ್ನೂ ನಿಘಂಟಿನಲ್ಲಿ ತುಂಬಿಡಲಾಗದು.

ಹಾಗಾದರೆ ಬಳಕೆದಾರರು ಮಾಡಬೇಕಾದದ್ದೇನು? ಮೊದಲಿಗೆ, ಒಂದೇ ವಿನ್ಯಾಸವನ್ನು ಆರಿಸಿಕೊಂಡು ಕೆಲವು ವಾರ ಅದಕ್ಕೇ ಅಂಟಿಕೊಳ್ಳಿ. ಊರು, ಬಂಧುಗಳ ಹೆಸರುಗಳನ್ನು ಕೀಲಿಮಣೆಯ ವೈಯಕ್ತಿಕ ನಿಘಂಟಿಗೆ ಸೇರಿಸಿ. ಕೀಲಿಗಳ ಎತ್ತರವನ್ನು ಹೆಚ್ಚಿಸಿಕೊಂಡರೆ ತಪ್ಪೊತ್ತು ತಗ್ಗುತ್ತದೆ. ಒತ್ತಕ್ಷರ ತಪ್ಪಿದಾಗ ಪದವನ್ನೆಲ್ಲ ಅಳಿಸಬೇಕಿಲ್ಲ: 'ಪೀಣ್ಯ'ದಲ್ಲಿ ಒಮ್ಮೆ ಅಳಿಸಿದರೆ ಸಾಮಾನ್ಯವಾಗಿ ಯಕಾರ ಮಾತ್ರ ಹೋಗಿ 'ಪೀಣ್' ಉಳಿಯುತ್ತದೆ.

ಆರಂಭದಲ್ಲಿ ಬೆರಳು ತಡವರಿಸುವುದು ಸಹಜ. ರೂಢಿಯಾದರೆ, ಊರಿನಲ್ಲಿ ಓದುವವರು 'ಬೆಲೆಯೋ, ಬೆಳೆಯೋ' ಎಂದು ಮರುಪ್ರಶ್ನಿಸಬೇಕಾಗುವುದಿಲ್ಲ.